ಇಲ್ಲದ ಹಸಿರು ಎಲ್ಲಿಂದ ಬಂತು?

ಓದುಗರ ಪ್ರಶ್ನೆ, ಲೈಟಿನವನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನೋಡಿದ ಬೆಳಕಿನ ಕಲೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗೋಡೆಗೆ ಹಾಕಿದ ಬಣ್ಣದ ಟ್ಯೂಬ್‌ಲೈಟು, ಸಂಜೆ ಹಸಿರಾಗಿ ಕಂಡ ಆಕಾಶ, ಇಷ್ಟೇ. ಮಗಳ ಬಾಣಂತನಕ್ಕೆ ಅಂತ ನಾನೂ ನನ್ನ ಹೆಂಡತಿಯೂ ಆರು ತಿಂಗಳು ಅಲ್ಲಿದ್ದೆವು. ಬಾಣಂತನ ಮಾಡಿದ್ದು ಅವಳು. ನಾನು ಮಧ್ಯಾಹ್ನ ಊಟ ಮುಗಿಸಿ ಬಸ್ಸು, ರೈಲು ಹತ್ತಿ ಊರು ಸುತ್ತಿದೆ. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಮೂವತ್ತೆಂಟು ವರ್ಷ ಹವ್ಯಾಸಿ ನಾಟಕಗಳಿಗೆ ಲೈಟು ಹಾಕಿದವನು ನಾನು. ಕಣ್ಣಿನ ಡಾಕ್ಟರಲ್ಲ, ಕಲಾ ವಿಮರ್ಶಕನೂ ಅಲ್ಲ. ಏಣಿ ಹತ್ತಿ, ಬೆರಳು ಸುಟ್ಟುಕೊಂಡು ಕಲಿತದ್ದನ್ನು ಹೇಳುತ್ತೇನೆ. ತಪ್ಪಿದ್ದರೆ ಬೈದು ಬರೆಯಿರಿ.

ಪ್ರಶ್ನೆ: ಸಾರ್, ಅಂಗಡಿಯಲ್ಲಿ ಸಿಗೋ ಟ್ಯೂಬ್‌ಲೈಟನ್ನು ಗೋಡೆಗೆ ಹೊಡೆದು ಕಲೆ ಅಂತ ಕರೆಯೋದಾದರೆ, ನಮ್ಮ ದಸರಾ ಲೈಟಿಂಗ್‌ನವರು ಏನು ಪಾಪ ಮಾಡಿದ್ದಾರೆ?
(ಓದುಗರೊಬ್ಬರು, ಮೈಸೂರು)

ಏನೂ ಪಾಪ ಮಾಡಿಲ್ಲ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಡಾನ್ ಫ್ಲೇವಿನ್ ಎಂಬ ಅಮೆರಿಕದ ಕಲಾವಿದ 1963ರ ಮೇ 25ರಂದು ಎಂಟು ಅಡಿಯ ಒಂದು ಹಳದಿ ಟ್ಯೂಬನ್ನು ಗೋಡೆಯ ಮೇಲೆ ಓರೆಯಾಗಿ ಕೂರಿಸಿದರು. ಆ ತಾರೀಖೇ ಅದರ ಹೆಸರಿನಲ್ಲಿ ಸೇರಿಕೊಂಡಿತು. ಅಲ್ಲಿಂದ ಮುಂದೆ ಸಾಯುವವರೆಗೂ ಅವರ ಸಾಮಗ್ರಿ ಅಂಗಡಿಯ ಟ್ಯೂಬುಗಳೇ. ಎರಡಡಿ, ನಾಲ್ಕಡಿ, ಆರಡಿ, ಎಂಟಡಿ. ಅಂಗಡಿಯವನ ಹತ್ತಿರ ಯಾವ ಬಣ್ಣ ಇದೆಯೋ ಅದು.

ಹ್ಯೂಸ್ಟನ್‌ನ ರಿಚ್ಮಂಡ್ ಹಾಲ್‌ನಲ್ಲಿ ಅವರ ದೊಡ್ಡದೊಂದು ಕೆಲಸ ಇದೆ. ಒಂದು ಕಾಲಕ್ಕೆ ಅದು ದಿನಸಿ ಅಂಗಡಿ. ಫ್ಲೇವಿನ್ 1996ರಲ್ಲಿ ನಕ್ಷೆ ಮಾಡಿಕೊಟ್ಟು ಅದೇ ವರ್ಷ ತೀರಿಕೊಂಡರು. ಎರಡು ಉದ್ದ ಗೋಡೆಗಳ ಮೇಲೆ ಗುಲಾಬಿ, ಹಳದಿ, ಹಸಿರು, ನೀಲಿ ಟ್ಯೂಬುಗಳ ಸಾಲು, ನಡುವೆ ಅತಿನೇರಳೆ ಟ್ಯೂಬುಗಳು. ಒಳಗೆ ಹೋದ ಮೊದಲ ಐದು ನಿಮಿಷ ನಾನು ಮಾಡಿದ್ದು ಲೈಟಿನವನ ಕೆಲಸ. ಎಷ್ಟು ಪಟ್ಟಿ, ಎಷ್ಟು ಚೋಕು, ಕರೆಂಟು ಬಿಲ್ಲು ಎಷ್ಟು ಬರಬಹುದು ಅಂತ ಲೆಕ್ಕ ಹಾಕಿದೆ. ಆಮೇಲೆ ನನ್ನ ಅಂಗಿ ನೋಡಿಕೊಂಡೆ. ಬಿಳಿ ಅಂಗಿ ನೀಲಿಯಾಗಿ ಹೊಳೆಯುತ್ತಿತ್ತು. ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಬೆರೆಸುವ ಪದಾರ್ಥ ಅತಿನೇರಳೆ ಬೆಳಕಿಗೆ ಹಾಗೆ ಹೊಳೆಯುತ್ತದೆ. ಆರ್ಕೆಸ್ಟ್ರಾದವರು ಬಳಸುವ ಕಪ್ಪು ಟ್ಯೂಬಿನ ಕೆಳಗೂ ಇದೇ ಆಗುತ್ತದೆ. ಗೋಡೆಯ ಹತ್ತಿರ ಹೋದರೆ ಕೈಗೆ ಒಂದು ಬಣ್ಣ ಮೆತ್ತಿತು, ಹಾಲಿನ ಮಧ್ಯಕ್ಕೆ ಬಂದರೆ ಎಲ್ಲ ಬೆರೆತು ಮಾಸಲಾಯಿತು. ಟ್ಯೂಬು ನೋಡೋದು ಬಿಟ್ಟ ಮೇಲೆಯೇ ನನಗೆ ಏನಾದರೂ ಕಂಡಿದ್ದು.

ಈಗ ನಿಮ್ಮ ಅರಮನೆಗೆ ಬರೋಣ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಹಗಲಲ್ಲಿ ಕಲ್ಲು, ಕಮಾನು, ಗೋಪುರ ಎಲ್ಲ ಕಾಣುತ್ತದೆ. ಸಂಜೆ ಸ್ವಿಚ್ ಹಾಕಿದ ಕ್ಷಣ ಕಲ್ಲು ಮಾಯ, ಗೆರೆ ಮಾತ್ರ ಉಳಿಯುತ್ತದೆ. ಬಲ್ಬುಗಳು ಬರೀ ಚುಕ್ಕಿ. ಚುಕ್ಕಿ ಸೇರಿಸಿ ರಂಗೋಲಿ ಎಳೆಯುವುದು ನಿಮ್ಮ ಕಣ್ಣು. ಹಾಗಾಗಿ ಕಣ್ಣಿನ ಆಟ ಅಲ್ಲಿಯೂ ಇದೆ. ಆದರೆ ಅಲ್ಲಿ ಬೆಳಕು ಅರಮನೆಯನ್ನು ತೋರಿಸೋಕೆ ಇದೆ. ಫ್ಲೇವಿನ್ ಹತ್ತಿರ ತೋರಿಸೋಕೆ ಅರಮನೆ ಇರಲಿಲ್ಲ, ಒಂದು ಹಳೇ ಅಂಗಡಿ ಇತ್ತು. ನನ್ನನ್ನು ಕೇಳಿದರೆ ಎರಡೂ ಬೇಕು. ಅವರ ಎಲ್ಲ ಕೆಲಸವೂ ನನಗೆ ಹಿಡಿಸಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಸಂಜೆ ಆಕಾಶ ಹಸಿರಾಯಿತು ಅಂತ ಬರೆದಿದ್ದೀರಿ. ಮೇಲೆ ಬಣ್ಣದ ಗಾಜು ಇತ್ತಾ? ಇಲ್ಲ, ನಿಮ್ಮ ಕಣ್ಣಿಗೇ ಏನಾದರೂ ಆಗಿತ್ತಾ?
(ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಗಾಜು ಇರಲಿಲ್ಲ. ಮಳೆ ಬಂದರೆ ನೆನೆಯುವಷ್ಟು ತೆರೆದ ಕಿಂಡಿ ಅದು. ಕಣ್ಣಿಗೆ ಆಗಿತ್ತು, ಆದರೆ ನನ್ನೊಬ್ಬನ ಕಣ್ಣಿಗಲ್ಲ.

ಇದಕ್ಕೆ ಉತ್ತರ ಹೇಳೋಕೆ ಮೊದಲು ಒಂದು ಹಳೇ ಜಗಳ ಹೇಳಬೇಕು. 1987ರಲ್ಲಿ ಮಲೆನಾಡಿನ ಒಂದು ಊರಿನಲ್ಲಿ ನಾಟಕ. ಹಿಂದೆ ಬಿಳಿ ಪರದೆ. ನನ್ನ ಹತ್ತಿರ ಇದ್ದದ್ದು ಎರಡೇ ಸ್ಪಾಟು. ಒಂದಕ್ಕೆ ಕೆಂಪು ಜಿಲೆಟಿನ್ ಕಾಗದ ಕಟ್ಟಿದ್ದೆ, ಇನ್ನೊಂದು ಬರೀ ಬಿಳಿ. ರಾಜನ ಪಾತ್ರದವನು ಬಂದು ನಿಂತ. ಪರದೆಯ ಮೇಲೆ ಎರಡು ನೆರಳು ಬಿದ್ದವು. ಒಂದು ಕೆಂಪು. ಇನ್ನೊಂದು ಹಸಿರು, ಎಳೆ ಬಾಳೆಲೆಯ ಥರದ ಹಸಿರು. ನಿರ್ದೇಶಕರು ಕತ್ತಲಲ್ಲೇ ನನ್ನ ಹತ್ತಿರ ಬಂದು, "ಹಸಿರು ಯಾರು ಹಾಕೋಕೆ ಹೇಳಿದ್ರು ನಿಂಗೆ?" ಅಂದರು. "ನನ್ನ ಹತ್ರ ಹಸಿರು ಕಾಗದವೇ ಇಲ್ಲ ಸಾರ್" ಅಂದೆ. ಡಬ್ಬ ತೆಗೆದು ತೋರಿಸಿದೆ. ಅವರು ನಂಬಲಿಲ್ಲ. ಬಚ್ಚಿಟ್ಟಿದ್ದೀಯ ಅಂದರು. ಬಸ್ ಚಾರ್ಜೂ ಕೊಡಲಿಲ್ಲ. ಪರದೆಯ ಮೇಲಿನ ಹಸಿರನ್ನು ನಾನೂ ಕಂಡಿದ್ದೆನಲ್ಲ, ಅದಕ್ಕೆ ಜೋರಾಗಿ ವಾದ ಮಾಡುವ ಧೈರ್ಯವೂ ಬರಲಿಲ್ಲ.

ಆಗಿದ್ದು ಇಷ್ಟು. ಕೆಂಪು ಸ್ಪಾಟಿಗೆ ರಾಜ ಅಡ್ಡ ನಿಂತಿದ್ದರಿಂದ ಹಸಿರು ಕಂಡ ಆ ನೆರಳಿಗೆ ಬಿಳಿ ಬೆಳಕು ಮಾತ್ರ ತಾಗುತ್ತಿತ್ತು. ಮಿಕ್ಕ ಪರದೆಗೆ ಕೆಂಪೂ ಬಿಳಿಯೂ ಎರಡೂ ಬಿದ್ದು ತಿಳಿ ಗುಲಾಬಿಯಾಗಿತ್ತು. ಕಣ್ಣು ಆ ಗುಲಾಬಿಯನ್ನೇ "ಇದು ಬಿಳಿ" ಅಂತ ಒಪ್ಪಿಕೊಂಡುಬಿಡುತ್ತದೆ. ಹಾಗೆ ಒಪ್ಪಿಕೊಂಡ ಮೇಲೆ ನಿಜವಾದ ಬಿಳಿಯಲ್ಲಿ ಕೆಂಪು ಕಡಿಮೆ ಇದೆ ಅನಿಸುತ್ತದೆ. ಕೆಂಪು ಕಡಿಮೆ ಅಂದರೆ ನಮ್ಮ ಕಣ್ಣಿನ ಭಾಷೆಯಲ್ಲಿ ಹಸಿರು. ಕಣ್ಣು ಮೀಟರಿನ ಹಾಗೆ ಅಳೆಯೋದಿಲ್ಲ. ಪಕ್ಕದ್ದಕ್ಕೂ ಇದಕ್ಕೂ, ಆಗಿನದಕ್ಕೂ ಈಗಿನದಕ್ಕೂ ಹೋಲಿಸಿ ತೀರ್ಪು ಕೊಡುತ್ತದೆ. ಮನೆಯೊಳಗೆ ಕೂತಾಗ ಬೆಳ್ಳಗೆ ಕಾಣುವ ಹಳೇ ಬಲ್ಬಿನ ಬೆಳಕು ಮುಸ್ಸಂಜೆ ರಸ್ತೆಯಿಂದ ನೋಡಿದರೆ ಕಿತ್ತಳೆ ಕಾಣುತ್ತಲ್ವಾ, ಅದೂ ಇದೇ ಲೆಕ್ಕ.

ಈಗ ಹ್ಯೂಸ್ಟನ್‌ಗೆ ಹೋಗೋಣ. ಅಲ್ಲಿನ ರೈಸ್ ವಿಶ್ವವಿದ್ಯಾಲಯದ ಆವರಣದಲ್ಲಿ ಜೇಮ್ಸ್ ಟರೆಲ್ ಎಂಬ ಅಮೆರಿಕದ ಕಲಾವಿದ 2012ರಲ್ಲಿ ಮಾಡಿದ 'ಟ್ವೈಲೈಟ್ ಎಪಿಫನಿ' ಎಂಬ ಕೆಲಸ ಇದೆ. ಹುಲ್ಲಿನ ದಿಬ್ಬ, ಅದರ ಮೇಲೆ ಹಪ್ಪಳದ ಹಾಗೆ ತೆಳ್ಳಗೆ ಕಾಣುವ ಬಿಳಿ ಚಾವಣಿ. ಚಾವಣಿಯ ಮಧ್ಯ ಹದಿನಾಲ್ಕು ಅಡಿ ಚೌಕದ ಕಿಂಡಿ. ಟಿಕೆಟ್ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಬೆಂಚಿನ ಮೇಲೆ ಒರಗಿ ಕೂತೆ. ಪಕ್ಕದಲ್ಲಿ ಇಬ್ಬರು ಹುಡುಗರು ಪಿಸುಪಿಸು ಮಾತಾಡುತ್ತಿದ್ದರು, ಸ್ವಲ್ಪ ಹೊತ್ತಿಗೆ ಅವರೂ ಸುಮ್ಮನಾದರು. ಮರೆಯಲ್ಲಿಟ್ಟ ಎಲ್‌ಇಡಿಗಳು ಚಾವಣಿಯ ಒಳಮೈಗೆ ಬಣ್ಣ ಬಿಡುತ್ತವೆ. ಬಣ್ಣ ಬದಲಾಗೋದು ಗೊತ್ತೇ ಆಗದಷ್ಟು ನಿಧಾನ. ದೀಪ ಏರಿಸಿ ಇಳಿಸುವ ಡಿಮ್ಮರ್ ಹಿಡಿದು ಜೀವನ ಕಳೆದವನಿಗೆ ಆ ನಿಧಾನ ನೋಡಿಯೇ ಹೊಟ್ಟೆಕಿಚ್ಚಾಯಿತು.

ಚಾವಣಿ ಗುಲಾಬಿಗೆ ತಿರುಗಿತು. ಕಿಂಡಿಯಲ್ಲಿದ್ದ ಆಕಾಶ ಹಸಿರಾಯಿತು. ಮೂವತ್ತು ವರ್ಷದ ಹಿಂದಿನ ಅದೇ ಎಳೆ ಬಾಳೆಲೆ! ನಾನು ಎಡಗಣ್ಣು ಮುಚ್ಚಿ, ಬಲಗೈಯನ್ನು ಕೊಳವೆ ಮಾಡಿಕೊಂಡು, ಚಾವಣಿ ಕಾಣದ ಹಾಗೆ ಬರೀ ಆಕಾಶ ನೋಡಿದೆ. ಹಸಿರು ಮುಕ್ಕಾಲು ಪಾಲು ಹೋಯಿತು, ಮಾಮೂಲಿ ಮುಸ್ಸಂಜೆಯ ನೀಲಿ ಬಂತು. ಕೈ ಇಳಿಸಿದೆ. ಮತ್ತೆ ಹಸಿರು. ಏಳೆಂಟು ಸಲ ಹೀಗೆ ಮಾಡಿದೆ. ಆ ಹುಡುಗರು ನನ್ನನ್ನು ನೋಡಿ ನಕ್ಕರು, ಆಮೇಲೆ ಅವರೂ ಕೈ ಕೊಳವೆ ಮಾಡಿದರು.

ಇನ್ನೊಂದು ಹಿಡಿಸಿದ್ದು ಅಂದರೆ ಆಕಾಶ ಮೇಲಿದೆ ಅಂತ ಅನಿಸಲೇ ಇಲ್ಲ. ಕಿಂಡಿಯ ಅಂಚು ಅಷ್ಟು ತೆಳುವಾಗಿರುವುದರಿಂದ ಚಾವಣಿಯ ದಪ್ಪ ಕಾಣೋದಿಲ್ಲ. ದೂರ ಹೇಳುವ ಗುರುತು ಒಂದೂ ಇಲ್ಲ. ಬಟ್ಟೆ ಬಿಗಿದ ಹಾಗೆ ಆಕಾಶ ಚಾವಣಿಗೇ ಅಂಟಿಕೊಂಡಿತ್ತು. ಒಂದು ಹಕ್ಕಿ ಹಾರಿಹೋಯಿತು ನೋಡಿ, ಆಗ ಬಟ್ಟೆ ಹರಿದು ಆಕಾಶ ಮತ್ತೆ ದೂರ ಹೋಯಿತು.

ಟರೆಲ್ 1943ರಲ್ಲಿ ಹುಟ್ಟಿದವರು. ಕಾಲೇಜಿನಲ್ಲಿ ಓದಿದ್ದು ಚಿತ್ರಕಲೆ ಅಲ್ಲ, ನೋಡುವುದರ ಮನೋವಿಜ್ಞಾನ. ಮನೆಯವರು ಕ್ವೇಕರ್ ಪಂಥದವರು, ಅಂದರೆ ಸುಮ್ಮನೆ ಕೂತು ಒಳಗಿನ ಬೆಳಕಿಗೆ ಕಾಯುವ ಕ್ರೈಸ್ತರು. ಅರಿಜೋನಾದಲ್ಲಿ ಆರಿಹೋದ ಒಂದು ಜ್ವಾಲಾಮುಖಿಯನ್ನೇ 1977ರಲ್ಲಿ ಕೊಂಡು, ಅದರೊಳಗೆ ಸುರಂಗ, ಕೋಣೆ ಕೊರೆಸುತ್ತಾ ಬಂದಿದ್ದಾರೆ. ಹಟ ಅಂದರೆ ಹೀಗಿರಬೇಕು. ಒಂದು ಸ್ಪಾಟು ಜಾಸ್ತಿ ಕೇಳಿದ್ದಕ್ಕೆ ಬೈಸಿಕೊಂಡವನು ನಾನು.

ಪ್ರಶ್ನೆ: ನೀವು ಫೋಟೋ ಯಾಕೆ ಹಾಕಲಿಲ್ಲ?
(ಓದುಗರೊಬ್ಬರು, ತುಮಕೂರು)

ತೆಗೆದಿದ್ದೆ, ಅಳಿಸಿದೆ. ಫೋನು ತನ್ನ ಬುದ್ಧಿ ಉಪಯೋಗಿಸಿ ಬಿಳಿ ಯಾವುದು ಅಂತ ತಾನೇ ತೀರ್ಮಾನ ಮಾಡುತ್ತದೆ. ಕತ್ತಲು ಕಂಡರೆ ಬೆಳಕು ಏರಿಸುತ್ತದೆ. ನಿಧಾನವನ್ನಂತೂ ಹಿಡಿಯೋದೇ ಇಲ್ಲ.

ಪ್ರಶ್ನೆ: ಲಂಡನ್ನಿನಲ್ಲಿ ಕಟ್ಟಡದ ಒಳಗೆ ಸೂರ್ಯನನ್ನು ಕಟ್ಟಿದ್ದರು, ಅದರ ಬೆಳಕಿನಲ್ಲಿ ಬಣ್ಣಗಳೇ ಕಾಣುತ್ತಿರಲಿಲ್ಲ ಅಂತ ಓದಿದೆ. ಬೆಳಕು ಇದ್ದ ಮೇಲೆ ಬಣ್ಣ ಯಾಕೆ ಕಾಣೋದಿಲ್ಲ? ನಮ್ಮ ಬೀದಿಯ ಹಳೇ ಹಳದಿ ದೀಪದ ಕೆಳಗೂ ನನ್ನ ಕೆಂಪು ಸ್ಕೂಟರ್ ಕಂದಾಗಿ ಕಾಣುತ್ತಿತ್ತು.
(ಓದುಗರೊಬ್ಬರು, ಬೆಂಗಳೂರು)

ನಿಮ್ಮ ಸ್ಕೂಟರಿನಲ್ಲೇ ಅರ್ಧ ಉತ್ತರ ಇದೆ. ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ಮೊದಲು ವಿದ್ಯುತ್ ಸ್ಥಾವರ. ಅದರ ಟರ್ಬೈನ್ ಹಾಲ್‌ನಲ್ಲಿ ಒಲಾಫರ್ ಎಲಿಯಾಸನ್ ಎಂಬ ಕಲಾವಿದ 2003ರ ಅಕ್ಟೋಬರಿನಿಂದ 2004ರ ಮಾರ್ಚ್‌ವರೆಗೆ 'ದಿ ವೆದರ್ ಪ್ರಾಜೆಕ್ಟ್' ಮಾಡಿದ್ದರು. ಸುಮಾರು ಇನ್ನೂರು ದೀಪ ಹಿಂದೆ ಇಟ್ಟು ಅರ್ಧ ಚಂದ್ರದ ಪರದೆ ಕಟ್ಟಿದರು. ಇಡೀ ಚಾವಣಿಗೆ ಕನ್ನಡಿ ಹಾಕಿಸಿದರು. ಉಳಿದರ್ಧ ಕನ್ನಡಿಯಲ್ಲಿ ತುಂಬಿಕೊಂಡು ಪೂರ್ತಿ ಸೂರ್ಯ ಆಯಿತು. ಜೊತೆಗೆ ಸ್ವಲ್ಪ ಮಂಜು. 20 ಲಕ್ಷಕ್ಕೂ ಜಾಸ್ತಿ ಜನ ಬಂದರು. ನೆಲದ ಮೇಲೆ ಮಲಗಿ, ಮೇಲಿನ ಕನ್ನಡಿಯಲ್ಲಿ ಇರುವೆಯಷ್ಟು ಸಣ್ಣಗೆ ಕಾಣುವ ತಮ್ಮನ್ನೇ ಹುಡುಕುತ್ತಾ ಕೈಕಾಲು ಆಡಿಸುತ್ತಿದ್ದರಂತೆ.

ಆ ದೀಪಗಳು ಕೊಡುತ್ತಿದ್ದದ್ದು ಒಂದೇ ಬಣ್ಣ. ಸೋಡಿಯಂ ಹಳದಿ, ಬೆಳಕಿನ ಅಲೆಯ ಉದ್ದ 589 ನ್ಯಾನೊಮೀಟರ್ ಆಸುಪಾಸಿನದು. ನಿಮ್ಮ ಮನೆಯಲ್ಲೇ ಅದು ಇದೆ. ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿ ಬರ್ನರಿಗೆ ಬಿದ್ದಾಗ ನೀಲಿ ಉರಿ ಹಳದಿಯಾಗುತ್ತಲ್ಲ, ಅದು ಸಾರಿನ ಉಪ್ಪಿನಲ್ಲಿರುವ ಸೋಡಿಯಂ. ಸೀರೆ ಕೆಂಪು ಕಾಣಬೇಕಾದರೆ ಬಿದ್ದ ಬೆಳಕಿನಲ್ಲಿ ಕೆಂಪು ಇರಬೇಕು, ಸೀರೆ ಅದನ್ನು ಆರಿಸಿ ವಾಪಸು ಕಳಿಸಬೇಕು. ಬರೀ ಹಳದಿ ಕೊಟ್ಟರೆ ಆರಿಸೋಕೆ ಏನಿದೆ? ಎಷ್ಟು ಹಳದಿ ವಾಪಸು ಬಂತು ಅನ್ನೋದಷ್ಟೇ ಉಳಿಯುತ್ತದೆ. ಕೆಂಪು ಸೀರೆ, ಹಸಿರು ಸೀರೆ ಎರಡೂ ಹಳೇ ಕಪ್ಪು-ಬಿಳುಪು ಫೋಟೋ ಥರ. ನಿಮ್ಮ ಬೀದಿಯ ದೀಪ ಬೇರೆ ಜಾತಿಯ ಸೋಡಿಯಂ ದೀಪ. ಅದರಲ್ಲಿ ಬೇರೆ ಬಣ್ಣಗಳೂ ಒಂದಿಷ್ಟು ಸೋರುತ್ತವೆ, ಅದಕ್ಕೇ ಸ್ಕೂಟರ್ ಕಂದಿನವರೆಗಾದರೂ ಬಂತು.

ಉಪ್ಪು ಅಂದಾಗ ನೆನಪಾಯಿತು. ನಮ್ಮ ಕಾಲದಲ್ಲಿ ಊರೂರಿನ ನಾಟಕಕ್ಕೆ ಡಿಮ್ಮರ್ ಅಂದರೆ ಉಪ್ಪುನೀರು ತುಂಬಿದ ಜಾಡಿ. ಅದರೊಳಗೆ ಎರಡು ತಗಡು. ಒಂದನ್ನು ಇಳಿಸಿದ ಹಾಗೆ ದೀಪ ಏರುತ್ತಿತ್ತು, ಎತ್ತಿದ ಹಾಗೆ ಇಳಿಯುತ್ತಿತ್ತು. ಶಾಕ್ ಹೊಡೆಸಿಕೊಳ್ಳದೆ ನಾವು ಬದುಕಿದ್ದೇ ಆಶ್ಚರ್ಯ. ಯಾರೂ ಮಾಡಿ ನೋಡಬೇಡಿ.

ಪ್ರಶ್ನೆ: ಜಪಾನಿನಲ್ಲಿ ಕತ್ತಲ ಕೋಣೆಯಲ್ಲಿ ಸುಮ್ನೆ ಕೂರಿಸುತ್ತಾರಂತೆ, ನನ್ನ ಮೊಮ್ಮಗ ಹೋಗಿಬಂದ. ಹತ್ತು ನಿಮಿಷ ಏನೂ ಕಾಣಲಿಲ್ಲ, ಆಮೇಲೆ ಯಾರೋ ಮೆಲ್ಲಗೆ ದೀಪ ಹಚ್ಚಿದರು ಅಂತಾನೆ. ನಾನು ನಿಮಗಿಂತ ದೊಡ್ಡವಳು, 74 ವರ್ಷ. ನನಗೆ ಈಗೀಗ ಹಿತ್ತಲಿಗೆ ಹೋದರೂ ಕಣ್ಣು ಹೊಂದೋದಿಲ್ಲ.
(ಓದುಗರೊಬ್ಬರು, ಶಿರಸಿ)

ಅಕ್ಕಾ, ನಿಮ್ಮ ಮೊಮ್ಮಗನಿಗೆ ಹೇಳಿ, ಯಾರೂ ದೀಪ ಹಚ್ಚಲಿಲ್ಲ. ಅವನು ಒಳಗೆ ಹೋದಾಗಲೂ ಅಷ್ಟೇ ಬೆಳಕು ಇತ್ತು. ನವೋಶಿಮಾ ದ್ವೀಪದಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ ಕಟ್ಟಿದ ಮರದ ಮನೆ ಅದು, 1999ರದ್ದು. ಒಳಗಿರುವ ಕೆಲಸ ಮತ್ತೆ ಟರೆಲ್ ಅವರದ್ದೇ. ನಾನು ಅಲ್ಲಿಗೆ ಹೋಗಿಲ್ಲ, ಹೋಗಬೇಕು ಅಂತ ತುಂಬಾ ಆಸೆ ಇದೆ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬೆಂಚಿನ ಮೇಲೆ ಕೂರಬೇಕು. ಎಷ್ಟೋ ಹೊತ್ತಿಗೆ ಎದುರಿಗೆ ಮಸುಕಾದ ಒಂದು ಚೌಕ ಏಳುತ್ತದೆ. ಮೊದಲಿನಿಂದ ಅಲ್ಲೇ ಇದ್ದ ಚೌಕ.

ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಹಗಲಿಗೆ, ಬಣ್ಣಕ್ಕೆ ಸುಮಾರು 60 ಲಕ್ಷ. ಕತ್ತಲಿಗೆ ಸುಮಾರು 12 ಕೋಟಿ. ಕತ್ತಲಿನವು ಬೆಳಕಿಗೆ ಬೆಳ್ಳಗಾಗಿ ಹೋಗಿರುತ್ತವೆ. ಅವು ಮತ್ತೆ ತಯಾರಾಗೋಕೆ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಟಾಕೀಸಿಗೆ ತಡವಾಗಿ ಹೋಗಿ ಯಾರದ್ದೋ ಮಡಿಲಲ್ಲಿ ಕೂತುಕೊಳ್ಳೋದು, ಇಂಟರ್ವಲ್ಲಿಗೆ ಮೊದಲೇ ಪೂರಾ ಹಾಲು ಕಾಣೋದು ಇದೇ ಕಾರಣಕ್ಕೆ. ಇನ್ನೊಂದು ತಮಾಷೆ ಅಂದರೆ, ನಾವು ನೆಟ್ಟಗೆ ನೋಡುವ ಜಾಗದಲ್ಲಿ ಕತ್ತಲಿನ ಕೋಶ ಇಲ್ಲವೇ ಇಲ್ಲ. ಕೃತ್ತಿಕಾ ನಕ್ಷತ್ರವನ್ನು ಸ್ವಲ್ಪ ಪಕ್ಕಕ್ಕೆ ಕಣ್ಣಿಟ್ಟು ನೋಡಿದರೆ ಜಾಸ್ತಿ ಚುಕ್ಕಿ ಕಾಣುತ್ತವೆ.

ನಿಮ್ಮ ಹಿತ್ತಲಲ್ಲಿ ಕೆಂಪು ದಾಸವಾಳ ಇದ್ದೇ ಇರುತ್ತದೆ. ಸಂಜೆ ಒಂದು ಕುರ್ಚಿ ಹಾಕಿಕೊಂಡು ಕೂರಿ. ಕತ್ತಲಾಗುತ್ತಾ ಹೂವು ಕಪ್ಪಾಗುತ್ತದೆ, ಎಲೆ ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತಿರುತ್ತದೆ. ಹಗಲಲ್ಲಿ ಕಣ್ಣಿಗೆ ಹೊಡೆಯುತ್ತಿದ್ದದ್ದು ಹೂವು! ಕತ್ತಲಿನ ಕೋಶಗಳಿಗೆ ಕೆಂಪು ಸರಿಯಾಗಿ ಕಾಣೋದಿಲ್ಲ. 1825ರಷ್ಟು ಹಿಂದೆಯೇ ಪುರ್ಕಿಂಜೆ ಎಂಬ ಚೆಕ್ ವಿಜ್ಞಾನಿ ಇದನ್ನು ಬರೆದಿಟ್ಟರು. ನಮ್ಮ ಸಿ.ವಿ. ರಾಮನ್ ಅವರೂ ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ಕೂತು ಇದೇ ಹುಚ್ಚು ಹಚ್ಚಿಕೊಂಡಿದ್ದರು. ಬಣ್ಣದ ಫಿಲ್ಟರ್ ಹಿಡಿದು ಬಿಳಿ ಪರದೆ ನೋಡೋದು, ಥಟ್ಟನೆ ಫಿಲ್ಟರ್ ತೆಗೆಯೋದು, ಆಗ ಪರದೆಯ ಮೇಲೆ ತಮ್ಮದೇ ಕಣ್ಣಿನ ಒಳಗು ಮೂಡೋದನ್ನು ಗಮನಿಸೋದು. ನೋಡುವುದರ ಬಗ್ಗೆ 1968ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ವಾದವನ್ನೆಲ್ಲ ಕಣ್ಣಿನ ವಿಜ್ಞಾನಿಗಳು ಒಪ್ಪಲಿಲ್ಲ, ಅದು ಬೇರೆ ಮಾತು.

ವಯಸ್ಸಾದ ಹಾಗೆ ಪಾಪೆ ಸಣ್ಣದಾಗುತ್ತದೆ, ಕಣ್ಣು ಕತ್ತಲಿಗೆ ಹೊಂದೋದೂ ನಿಧಾನವಾಗುತ್ತದೆ. ಅದು ಎಲ್ಲರಿಗೂ ಇದ್ದದ್ದೇ. ಆದರೆ ನೀವು "ಈಗೀಗ" ಅಂದಿರಿ ನೋಡಿ, ಆ ಮಾತು ನನಗೆ ಸರಿ ಕಾಣಲಿಲ್ಲ. ಪೊರೆ ಇರಬಹುದು, ಇನ್ನೇನಾದರೂ ಇರಬಹುದು. ಕಣ್ಣಿನ ಡಾಕ್ಟರಿಗೆ ಒಂದು ಸಲ ತೋರಿಸಿ. ಅಲ್ಲಿಯವರೆಗೆ ಹಿತ್ತಲಿಗೆ ಹೋಗುವಾಗ ಟಾರ್ಚು ಇರಲಿ.

ಪ್ರಶ್ನೆ: ಇಂಥ ಕಡೆ ಅಪಾಯ ಇಲ್ಲವಾ?
(ಓದುಗರೊಬ್ಬರು, ಮಂಗಳೂರು)

ಇದೆ. 1980ರಲ್ಲಿ ನ್ಯೂಯಾರ್ಕಿನಲ್ಲಿ ಟರೆಲ್ ಪ್ರದರ್ಶನ ನಡೆದಾಗ ಬರೀ ಬೆಳಕನ್ನು ಗೋಡೆ ಅಂದುಕೊಂಡು ಒರಗಲು ಹೋಗಿ ಜನ ಬಿದ್ದರು. ಗಾಯವಾಗಿ ಕೋರ್ಟು ಕಚೇರಿಯೂ ಆಯಿತು. ಹ್ಯೂಸ್ಟನ್ ಕಲಾ ಸಂಗ್ರಹಾಲಯದಲ್ಲಿ ಎರಡು ಕಟ್ಟಡಗಳ ನಡುವೆ ಅವರು ಮಾಡಿದ ಒಂದು ಸುರಂಗ ಇದೆ. ನಡೆಯುವ ದಾರಿ ಕಪ್ಪು, ಎರಡೂ ಬದಿ ಬರೀ ಬಣ್ಣ, ಗೋಡೆ ಎಷ್ಟು ದೂರ ಅಂತ ಗೊತ್ತೇ ಆಗೋದಿಲ್ಲ. ನನ್ನ ಹೆಂಡತಿ ಆ ಕಡೆ ದಾಟುವವರೆಗೂ ನನ್ನ ತೋಳು ಬಿಡಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲು. ಮಿಣಮಿಣ ಹೊಡೆಯುವ ದೀಪಗಳ ಪ್ರದರ್ಶನವಾದರೆ, ಮೂರ್ಛೆ ರೋಗ ಇರುವವರು ಮೊದಲೇ ಕೇಳಿಕೊಂಡು ಹೋಗಬೇಕು.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸು. ಅಮೆರಿಕಕ್ಕೆ ಹೋಗದೆ ಇದನ್ನು ಮನೆಯಲ್ಲೇ ಮಾಡಬಹುದಾ?
(ವಿದ್ಯಾರ್ಥಿ, ಹಾಸನ)

ಮಾಡಬಹುದು ಮರಿ, ಜಾಸ್ತಿ ಖರ್ಚೂ ಇಲ್ಲ. ಒಂದು ಟೇಬಲ್ ಟೆನಿಸ್ ಚೆಂಡು ತೊಗೊ. ಅಪ್ಪನ ಕೈಲೋ ಅಮ್ಮನ ಕೈಲೋ ಸರಿಯಾಗಿ ಎರಡು ಹೋಳು ಮಾಡಿಸು, ನೀನು ಬ್ಲೇಡು ಮುಟ್ಟಬೇಡ. ಅಂಚಿಗೆ ಮೆತ್ತಗೆ ಹತ್ತಿ ಅಂಟಿಸು. ಅಂಗಾತ ಮಲಗಿ ಎರಡು ಹೋಳನ್ನೂ ಕಣ್ಣಿನ ಮೇಲೆ ಇಟ್ಟುಕೋ, ಕಣ್ಣು ಒಳಗೆ ತೆರೆದೇ ಇರಲಿ. ದೂರದಲ್ಲಿ ಒಂದು ಕೆಂಪು ಬಲ್ಬು ಹಾಕಿಸು. ಮೇಣದಬತ್ತಿ ಮಾತ್ರ ಹತ್ತಿರ ತರಬೇಡ, ಹಳೇ ಚೆಂಡಾದರೆ ಭಗ್ ಅಂತ ಹತ್ತಿಕೊಳ್ಳುತ್ತದೆ.

ಮೊದಲು ಎಲ್ಲಾ ಕಡೆ ಕೆಂಪು ಕಾಣುತ್ತದೆ. ಅಂಚಿಲ್ಲ, ಮೂಲೆಯಿಲ್ಲ, ಕಣ್ಣಿಗೆ ಹೋಲಿಸೋಕೆ ಏನೂ ಸಿಗೋದಿಲ್ಲ. ಸ್ವಲ್ಪ ಹೊತ್ತಿಗೆ ಕೆಂಪು ತೆಳ್ಳಗಾಗಿ ಬೂದು ಆಗುತ್ತದೆ. ಬಲ್ಬು ಹಾಗೇ ಉರಿಯುತ್ತಿರುತ್ತದೆ. ಪಕ್ಕದಲ್ಲಿ ಯಾರಾದರೂ ಗಡಿಯಾರ ಹಿಡಿದು ಕೂರಲಿ. ನಿನಗೆ ಎಷ್ಟು ನಿಮಿಷಕ್ಕೆ ಕೆಂಪು ಹೋಯಿತು ಅಂತ ನನಗೆ ಬರೆದು ಕಳಿಸು. ನಾನು ಮಾಡಿದಾಗ ಏಳು ನಿಮಿಷ ಆಯಿತು. ನನ್ನ ಹೆಂಡತಿ ನಾಲ್ಕನೇ ನಿಮಿಷಕ್ಕೆ ನಿದ್ದೆ ಹೋದಳು.